ಪ್ರಸಾದಕ್ಕೆ ಪಟ್ಟಿ ಆಯಿತು, ನಡುಗಡ್ಡೆ ಹುಡುಗರ ಓದಿಗೆ ಯಾವಾಗ?

ದುಧನಿ: ಗುರುದ್ವಾದಶಿ ಹತ್ತಿರ ಬಂತೆಂದರೆ ನಮ್ಮ ಗಲ್ಲಿಯಲ್ಲಿ ಪಾವತಿ ಪುಸ್ತಕ ತಿರುಗಾಡಲು ಸುರುವಾಗುತ್ತದೆ. ಕಿರಾಣಿ ಅಂಗಡಿಯವರು 101, ಮಾಸ್ತರರು 251, ಮಗನಿಗೆ ಪುಣೆಯಲ್ಲಿ ನೌಕರಿ ಸಿಕ್ಕ ಮನೆಯವರು 501. ಕೈಯಲ್ಲಿ ರೊಕ್ಕ ಇಲ್ಲದವರು ಎರಡು ಸೇರು ಅಕ್ಕಿ, ಒಂದು ಮುದ್ದಿ ಬೆಲ್ಲ. ಹೀಗೆ ಕೂಡಿದ ಪಟ್ಟಿ ತೆಗೆದುಕೊಂಡು ನಮ್ಮ ಭಜನಿ ಮಂಡಳಿಯ ಇಪ್ಪತ್ತು ಇಪ್ಪತ್ತೈದು ಜನ ರೈಲು ಹತ್ತುತ್ತೇವೆ. ಹೋಗುವುದು ರಾಯಚೂರು ಜಿಲ್ಲೆಯ ಕುರವಪುರಕ್ಕೆ. ಕೃಷ್ಣಾ ನದಿಯ ನಡುವೆ ಇರುವ ಸಣ್ಣ ನಡುಗಡ್ಡೆ ಅದು. ಈ ದಡ ಕರ್ನಾಟಕ, ಆ ದಡ ತೆಲಂಗಾಣ.

ಬಿ.ಕಾಂ. ಕಲಿತವನೆಂದು ಮಂಡಳಿಯ ಜಮಾಖರ್ಚು ನನ್ನ ಹೆಗಲಿಗೆ ಬಿದ್ದಿದೆ. ಹಳೆಯ ವಹಿ ತಿರುವಿ ನೋಡಿದರೆ ಖರ್ಚಿನ ಬದಿಗೆ ವರ್ಷ ವರ್ಷವೂ ಅವೇ ಹೆಸರು: ಅನ್ನದಾನ, ಹೂವು-ಹಾರ, ತುಪ್ಪ, ಪಾದುಕಾ ಪೂಜೆ, ರೈಲು ತಿಕೀಟು, ದೋಣಿ ಬಾಡಿಗೆ. ನಾವು ಉಂಡು, ನಾಲ್ಕು ಜನರಿಗೆ ಉಣಿಸಿ ಬರುವ ಆ ನಡುಗಡ್ಡೆಯಲ್ಲೇ ಹುಟ್ಟಿ ಬೆಳೆಯುವ ಹುಡುಗರ ಹೆಸರಿನಲ್ಲಿ ಒಂದು ರೂಪಾಯಿಯೂ ಇಲ್ಲ.

2023ರಲ್ಲಿ ಈ ಮಾತು ಮಂಡಳಿಯ ಬೈಠಕ್‌ನಲ್ಲಿ ಬಂತು. ಆಮೇಲೆ ಏನೇನಾಯಿತು ಎಂಬುದನ್ನು ವಾಚಕರ ಮುಂದೆ ಇಡಬೇಕೆನಿಸಿತು. ಯಾಕೆಂದರೆ ಇಂಥ ಪಟ್ಟಿ ಎತ್ತುವ ಮಂಡಳಿಗಳು ಗಡಿಭಾಗದ ಊರೂರಲ್ಲಿವೆ. ನಮ್ಮ ಕಥೆ ಅವರಿಗೂ ಉಪಯೋಗಕ್ಕೆ ಬರಬಹುದು.

ಒಂದೇ ರೈಲು ಮಾರ್ಗ, ಮೂರು ಕ್ಷೇತ್ರ

ಸೊಲ್ಲಾಪುರದಿಂದ ರಾಯಚೂರಿಗೆ ಹೋಗುವ ರೈಲು ದತ್ತಭಕ್ತರಿಗೆ ಹೇಳಿ ಮಾಡಿಸಿದ ಹಾಗಿದೆ. ಮೊದಲು ಅಕ್ಕಲಕೋಟ ರೋಡ್. ಇಲ್ಲಿ ಇಳಿದರೆ 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಕ್ಷೇತ್ರ. ದುಧನಿ ದಾಟಿದರೆ ಗಾಣಗಾಪುರ ರೋಡ್. ಅಲ್ಲಿ ಇಳಿದವರು ಭೀಮಾ-ಅಮರಜಾ ಸಂಗಮದಲ್ಲಿ ಸ್ನಾನ ಮಾಡಿ ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳ ದರ್ಶನ ಪಡೆಯುತ್ತಾರೆ. ಮುಂದೆ ಕಲಬುರಗಿ, ವಾಡಿ, ಯಾದಗಿರಿ, ಕೃಷ್ಣಾ ಸ್ಟೇಷನ್ ದಾಟಿದರೆ ರಾಯಚೂರು. ರಾಯಚೂರಿನಿಂದ ಆತ್ಕೂರು ಕಡೆಗೆ ಬಸ್ಸು. ಅಲ್ಲಿಂದ ಹೊಳೆ ದಾಟಿದರೆ ಕುರವಪುರ. ತೆಲಂಗಾಣದ ಕಡೆಯಿಂದ ಬರುವವರು ಮಕ್ತಲ್ ಮೇಲೆ ಪಂಚದೇವಪಾಡಕ್ಕೆ ಬಂದು ಆ ದಡದಿಂದ ದಾಟುತ್ತಾರೆ.

ದತ್ತ ಸಂಪ್ರದಾಯದಲ್ಲಿ ಮೊದಲ ಅವತಾರ ಎನ್ನುವ ಶ್ರೀಪಾದ ಶ್ರೀವಲ್ಲಭರು ಆಂಧ್ರದ ಪೀಠಾಪುರದಲ್ಲಿ ಹುಟ್ಟಿದವರು. ಕೊನೆಗೆ ಬಂದು ನೆಲೆಸಿದ್ದು ಈ ನಡುಗಡ್ಡೆಯಲ್ಲಿ. ಆಶ್ವಿನ ವದ್ಯ ದ್ವಾದಶಿಯಂದು ಇಲ್ಲಿಯೇ ಕೃಷ್ಣೆಯಲ್ಲಿ ಅದೃಶ್ಯರಾದರು ಎಂಬುದು ನಂಬಿಕೆ. ಅದೇ ಗುರುದ್ವಾದಶಿ. ಟೆಂಬೆ ಸ್ವಾಮಿಗಳು ತಪಸ್ಸಿಗೆ ಕುಳಿತಿದ್ದ ಗುಹೆಯೂ ಇಲ್ಲಿದೆ.

ಈ ಕಥೆಗಳೆಲ್ಲ ಇರುವುದು ‘ಗುರುಚರಿತ್ರೆ’ಯಲ್ಲಿ. ಮರಾಠಿ ಮನೆಗಳಲ್ಲಿ ಸಪ್ತಾಹ ಕೂತು ಓದುವ ಈ ಪೋಥಿಯನ್ನು ಬರೆದ ಸರಸ್ವತಿ ಗಂಗಾಧರನ ಮನೆಮಾತು ಕನ್ನಡ. ತನಗೆ ಮರಾಠಿ ಸರಿಯಾಗಿ ಬಾರದು ಎಂಬುದನ್ನು ಅವನೇ ಹೇಳಿಕೊಂಡಿದ್ದಾನೆ. ಆಳಂದ ತಾಲೂಕಿನ ಕಡಗಂಚಿಯವನು ಎಂದು ಹೇಳುತ್ತಾರೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ ಆಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಪೋಥಿಯಲ್ಲಿರುವ ಎರಡು ಕಥೆ

ಕುರವಪುರದ ದಾನಕ್ಕೆ ಬೇರು ಈ ಪೋಥಿಯ ಹತ್ತನೆಯ ಅಧ್ಯಾಯದಲ್ಲಿದೆ. ವಲ್ಲಭೇಶ ಎಂಬ ವ್ಯಾಪಾರಿ, ಧಂಧೆಯಲ್ಲಿ ಲಾಭವಾದರೆ ಕುರವಪುರದಲ್ಲಿ ಸಾವಿರ ಜನರಿಗೆ ಸಂತರ್ಪಣೆ ಮಾಡುತ್ತೇನೆ ಎಂದು ಹರಕೆ ಹೊತ್ತ. ಲಾಭವಾಯಿತು. ರೊಕ್ಕ ಕಟ್ಟಿಕೊಂಡು ಹೊರಟವನನ್ನು ದಾರಿಯಲ್ಲಿ ಕಳ್ಳರು ಕೊಂದರು. ಶ್ರೀಪಾದರು ಬಂದು ಬದುಕಿಸಿದರು. ಅವನು ಕುರವಪುರಕ್ಕೆ ಹೋಗಿ ಹರಕೆ ತೀರಿಸಿದ. ಹೊಸ ಗಾಡಿ ತಗೊಂಡವರು, ಕಬ್ಬಿನ ಬಿಲ್ಲು ಕೈಗೆ ಬಂದವರು, ಮಗಳ ಲಗ್ನ ಕೂಡಿಬಂದವರು ಇವತ್ತಿಗೂ ಇಲ್ಲಿ ಅನ್ನದಾನ ಹೇಳುವುದು ಇದೇ ಹಾದಿಯಲ್ಲಿ.

ಅದೇ ಪೋಥಿಯ ಎಂಟನೆಯ ಅಧ್ಯಾಯದಲ್ಲಿ ಇನ್ನೊಂದು ಕಥೆ ಇದೆ. ಅಂಬಿಕೆ ಎಂಬ ಬಡ ವಿಧವೆ. ಅವಳಿಗೆ ಒಬ್ಬನೇ ಮಗ. ಎಷ್ಟು ಕಲಿಸಿದರೂ ತಲೆಗೆ ಹತ್ತುವುದಿಲ್ಲ. ಊರವರ ಚುಚ್ಚುಮಾತು ಕೇಳಿ ಸಾಕಾಗಿ ತಾಯಿ-ಮಗ ಇಬ್ಬರೂ ಹೊಳೆಗೆ ಬೀಳಲು ಬಂದರು. ಬಂದದ್ದು ಇದೇ ಕೃಷ್ಣೆಯ ದಡಕ್ಕೆ. ಶ್ರೀಪಾದರು ತಡೆದರು. ಹುಡುಗನಿಗೆ ವಿದ್ಯೆ ಕೊಟ್ಟರು, ತಾಯಿಗೆ ಧೈರ್ಯ ಕೊಟ್ಟರು.

ಎರಡೂ ಕಥೆ ಒಂದೇ ದಡದವು. ವಲ್ಲಭೇಶನನ್ನು ನಾವು ನೆನಪಿಟ್ಟುಕೊಂಡೆವು, ಅಂಬಿಕೆಯ ಮಗನನ್ನು ಮರೆತೆವು. ಬೈಠಕ್‌ನಲ್ಲಿ ಇದನ್ನು ಮೊದಲು ಎತ್ತಿದ್ದು ನಾನಲ್ಲ, ಪಾರಾಯಣ ಓದುವ ಹಿರಿಯ ಆಯಿ ಒಬ್ಬರು. “ಉಂಡವರು ಸಂಜೀಕ ಮತ್ತ ಹಸೀತಾರ. ಕಲತ ಹುಡಗ ಮನಿ ಎಬ್ಬಸ್ತಾನ. ಎಂಟನೇ ಅಧ್ಯಾಯಕ್ಕೂ ಒಂದೀಟ ಖರ್ಚ ಮಾಡ್ರಿ” ಎಂದರು. ಯಾರೂ ಎದುರು ಮಾತಾಡಲಿಲ್ಲ.

ನಮ್ಮ ಭೀಮೆಯ ನೀರು

ಕುರವಪುರ ನಮಗೆ ದೂರದ ಊರು ಎನಿಸಬಹುದು. ಆದರೆ ಅದರ ಸುತ್ತ ಹರಿಯುವ ನೀರಿನಲ್ಲಿ ನಮ್ಮ ಪಾಲೂ ಇದೆ. ಉಜನಿ ಧರಣದಿಂದ ಬಿಟ್ಟ ನೀರು ಪಂಢರಪುರ, ಅಕ್ಕಲಕೋಟ ಸೀಮೆ, ಗಾಣಗಾಪುರ ದಾಟಿ ಮುಂದೆ ಕೃಷ್ಣೆಗೆ ಕೂಡುತ್ತದೆ. ಸಾಂಗ್ಲಿ-ಸಾತಾರೆಯ ಮಳೆ ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಮೂಲಕ ಬರುತ್ತದೆ. ಎರಡೂ ಹೊಳೆ ಕೂಡಿದ ಮೇಲೆ ಈ ನಡುಗಡ್ಡೆ ಸಿಗುತ್ತದೆ. ಅಂದರೆ ಮಹಾರಾಷ್ಟ್ರದಲ್ಲಿ ಜೋರು ಮಳೆ ಎಂದು ಟಿವಿಯಲ್ಲಿ ಸುದ್ದಿ ಬಂದಾಗ ಕುರವಪುರದ ತಾಯಂದಿರು ಹೊಳೆಯ ಕಡೆ ನೋಡಲು ಸುರು ಮಾಡುತ್ತಾರೆ.

2009ರ ಅಕ್ಟೋಬರ್ ಪ್ರವಾಹ ರಾಯಚೂರು ಜಿಲ್ಲೆ ಮರೆಯುವಂಥದ್ದಲ್ಲ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಲಾಪುರ ಮುಳುಗಿದಾಗಲೂ ಕೃಷ್ಣೆಯ ಈ ಕೆಳಭಾಗದಲ್ಲಿ ದೊಡ್ಡ ನೆರೆ ಬಂದಿತ್ತು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ನಮ್ಮ ಅಕ್ಕಲಕೋಟ ಸೀಮೆಯವರೇ ಮನೆ ಬಿಟ್ಟು ಓಡಿದ್ದು ನೆನಪಿರಬಹುದು. ಆ ನೀರು ಕಡೆಗೆ ಹೋಗಿದ್ದು ಇದೇ ದಾರಿಯಲ್ಲಿ.

ನಡುಗಡ್ಡೆ ಎಂದರೆ ಕುರವಪುರ ಒಂದೇ ಅಲ್ಲ. ಸುದ್ದಿಯಲ್ಲಿ ಕುರ್ವಕುಲಾ, ಕುರ್ವಕುರ್ದಾ, ನಾರದಗಡ್ಡೆ ಎಂದು ಬರುವ ಊರುಗಳು ಇದೇ ಭಾಗದವು. ಮೇಲೆ ಲಿಂಗಸೂಗೂರು ತಾಲೂಕಿನಲ್ಲಿ ಕರಕಲಗಡ್ಡಿ, ಮ್ಯಾದರಗಡ್ಡಿ, ವೆಂಕಮ್ಮನಗಡ್ಡಿ. ಶೀಲಹಳ್ಳಿ ಸೇತುವೆ ಮುಳುಗಿದಾಗ ಯರಗೋಡಿ, ಹಂಚಿನಾಳ, ಯಳಗುಂದಿ ಕಡೆಯವರಿಗೆ ಹತ್ತಿರದ ದಾರಿ ಕಟ್ಟಾಗುತ್ತದೆ. ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಲ್ಲಿ 2014ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬಳು ಮೈಗೆ ಒಣ ಬುರುಡೆ ಕಟ್ಟಿಕೊಂಡು, ತಂದೆ-ಅಣ್ಣತಮ್ಮರ ಜೊತೆ ಹೊಳೆ ಈಜಿ ದಾಟಿದ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಹೆರಿಗೆಗೆ ಆಸ್ಪತ್ರೆ ಮುಟ್ಟಲು ಅವಳಿಗೆ ಬೇರೆ ದಾರಿ ಇರಲಿಲ್ಲ.

2020ರ ಆಗಸ್ಟ್‌ನಲ್ಲಿ ಪಂಚದೇವಪಾಡ ಮತ್ತು ಕುರ್ವಕುಲಾ ನಡುವೆ ಅರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಸಂತೆ-ಸಾಮಾನಿಗೆಂದು ಹೋಗಿಬರುವ ದಿನನಿತ್ಯದ ದಾರಿ ಅದು. ನಡುಗಡ್ಡೆಗೆ ಸೇತುವೆ ಕೆಲಸ 2010ರ ನಂತರದ ವರ್ಷಗಳಲ್ಲೇ ಸುರುವಾಗಿತ್ತು. ಈ ದುರಂತದ ಹೊತ್ತಿಗೂ ಮುಗಿದಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಯಾತ್ರಿಕರಾದ ನಾವು ಈ ಹೊಳೆಯನ್ನು ವರ್ಷಕ್ಕೆ ಒಮ್ಮೆ, ನೀರು ಇಳಿದ ಮೇಲೆ, ‘ದಿಗಂಬರಾ ದಿಗಂಬರಾ’ ಎನ್ನುತ್ತ ದಾಟುತ್ತೇವೆ. ಅಲ್ಲಿಯ ಹುಡುಗರು ಪುಸ್ತಕದ ಚೀಲ ತಲೆಯ ಮೇಲಿಟ್ಟುಕೊಂಡು ದಾಟುತ್ತಾರೆ.

ನಾವು ಮಾಡಿದ ತಪ್ಪು

2023ರ ಯಾತ್ರೆಗೆ ಮುಂಚೆ ಹುಡುಗರಿಗೆ ಏನಾದರೂ ಒಯ್ಯೋಣ ಎಂದು ಠರಾವಾಯಿತು. ಏನು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನಮ್ಮಲ್ಲಿ ಕನ್ನಡ ಶಾಲೆಗಳಿವೆ, ಹಳೆಯ ಪುಸ್ತಕ ಮನೆಮನೆಯಲ್ಲಿವೆ. ಎರಡು ಚೀಲ ಕೂಡಿಸಿದೆವು. ಹೊತ್ತುಕೊಂಡು ಹೋಗಿ ಹುಡುಗರ ಮುಂದೆ ಇಟ್ಟೆವು.

ಒಬ್ಬ ಹುಡುಗ ಪುಸ್ತಕ ತೆರೆದು ನೋಡಿ ನಕ್ಕ. ನಮ್ಮ ಜಿಲ್ಲಾ ಪರಿಷದ್ ಕನ್ನಡ ಶಾಲೆಗಳಲ್ಲಿ ಓದಿಸುವುದು ಬಾಲಭಾರತಿಯ ಪುಸ್ತಕ, ಮಹಾರಾಷ್ಟ್ರದ ಪಠ್ಯಕ್ರಮ. ಅವರದು ಕರ್ನಾಟಕದ್ದು. ಲಿಪಿ ಒಂದೇ, ಪಾಠ ಬೇರೆ. “ಇದರಾಗ ಶಿವಾಜಿ ಮಹಾರಾಜರದು ಭಾಳ ಐತಲ್ರಿ” ಎಂದ. ಓದಲು ಚೆನ್ನಾಗಿದೆ, ಪರೀಕ್ಷೆಗೆ ಬರುವುದಿಲ್ಲ. ಕನ್ನಡ ಒಂದೇ ಎಂದು ಹೊತ್ತು ತಂದ ನಮಗೆ ಗಡಿ ಎಂದರೆ ಏನೆಂದು ಆ ಹುಡುಗ ತೋರಿಸಿಕೊಟ್ಟ.

ಅವನ ಪಕ್ಕದಲ್ಲಿ ನಿಂತಿದ್ದ, ಪಿಯುಸಿ ಓದುತ್ತಿದ್ದ ಹುಡುಗಿ ಸಂಕೋಚದಿಂದಲೇ ಮಾತಾಡಿದಳು. “ಬುಕ್ಕ ಸರಕಾರ ಕೊಡತೈತ್ರಿ. ಸಣ್ಣವರಿಗೆ ಊಟಾನೂ ಐತಿ. ಹತ್ತನೇತ್ತೆ ಆದಮ್ಯಾಲಿಂದು ನೋಡ್ರಿ, ಅಲ್ಲೇ ನಿಂತ ಬಿಡತಾರ.”

ಅವಳ ಮಾತು ಲೆಕ್ಕಕ್ಕೆ ಸರಿಯಾಗಿತ್ತು. ಕರ್ನಾಟಕದಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಮೊದಲು ಸುರುವಾಗಿದ್ದೇ 2002ರಲ್ಲಿ, ರಾಯಚೂರು ಸೇರಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಸರಕಾರಿ ಶಾಲೆ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ ಬರುತ್ತದೆ. ಹಾಗಿರುವಾಗ ನಾವು ಮತ್ತೆ ಅನ್ನ, ಮತ್ತೆ ಪುಸ್ತಕ ಒಯ್ದರೆ ಇದ್ದಲ್ಲೇ ಇಟ್ಟ ಹಾಗೆ. ಇಲ್ಲದಿರುವುದು ಬೇರೆಯೇ ಇತ್ತು.

ಹತ್ತನೆತ್ತೆಯ ನಂತರದ ಹೊಳೆ

ಆ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಹತ್ತು ಹನ್ನೆರಡು ಹುಡುಗ-ಹುಡುಗಿಯರ ಜೊತೆ ಮಾತಾಡಿದೆವು. ಪೆನ್ನು ಹಿಡಿದು ನಾನು ಬರೆದುಕೊಂಡ ಪಟ್ಟಿ ಹೀಗಿದೆ.

ಒಂದು, ಜೀವರಕ್ಷಕ ಜಾಕೀಟು. ಈ ಹುಡುಗರಿಗೆಲ್ಲ ಈಜು ಬರುತ್ತದೆ. ಆದರೆ ಹೊಳೆ ತುಂಬಿ ಸುಳಿ ಎದ್ದಾಗ ಈಜು ಬರುವವನೂ ಹೋಗುತ್ತಾನೆ. ಸಣ್ಣ ಮಕ್ಕಳ ಅಳತೆಯವು ಬೇಕು ಎಂದು ತಾಯಂದಿರು ಒತ್ತಿ ಹೇಳಿದರು. ದೊಡ್ಡವರದನ್ನು ಮಗುವಿಗೆ ಹಾಕಿದರೆ ಕುತ್ತಿಗೆಯಿಂದ ಮೇಲೆ ಜಾರುತ್ತದೆ, ಅದು ಉಪಯೋಗಕ್ಕಿಲ್ಲ.

ಎರಡು, ಕಾಲೇಜು ಓದುವಾಗ ರಾಯಚೂರಿನಲ್ಲಿ ಇರಲು ಜಾಗ. ಸರಕಾರಿ ಹಾಸ್ಟೆಲ್ ಸಿಕ್ಕರೆ ಸರಿ. ಸಿಗುವವರೆಗಿನ ಒಂದೆರಡು ತಿಂಗಳು ಎಲ್ಲಿರಬೇಕು? ಕಾಲೇಜು ಸುರುವಾಗುವುದು ಸರಿಯಾಗಿ ಮಳೆಗಾಲಕ್ಕೆ, ಹೊಳೆ ಬರುವುದೂ ಆಗಲೇ. ಹಾಜರಿ ತಪ್ಪುತ್ತದೆ. ಹಾಜರಿ ತಪ್ಪಿದವನು ಒಂದು ವರ್ಷ ಮನೆಯಲ್ಲಿ ಕೂತರೆ ತಿರುಗಿ ಹೋಗುವುದಿಲ್ಲ.

ಮೂರು, ಅರ್ಜಿ ತುಂಬುವ ಕೆಲಸ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಶಿಷ್ಯವೇತನ, ಹಾಸ್ಟೆಲ್ ಎಲ್ಲ ಈಗ ಆನ್‌ಲೈನ್. ಒಂದು ಕಾಗದ ತಪ್ಪಿದರೆ ಹೊಳೆ ದಾಟಿ ಮತ್ತೆ ಬರಬೇಕು. ತಂದೆಯ ಒಂದು ದಿನದ ಕೂಲಿ ಹೋಯಿತು. ಕಡೆಯ ದಿನಾಂಕದಂದು ಹೊಳೆ ತುಂಬಿದ್ದರೆ ಇಡೀ ವರ್ಷ ಹೋಯಿತು.

ನಾಲ್ಕು, ಹುಡುಗಿಯರ ವಿಷಯ. ಇದನ್ನು ಹುಡುಗಿಯರು ಹೇಳಲಿಲ್ಲ, ಒಬ್ಬ ತಾಯಿ ಹೇಳಿದರು: “ಹುಡಗನ್ನಾದರ ಎಲ್ಲೆರ ಮಲಗತಾನ ಅಂತ ಬಿಡತೀವ್ರಿ. ಹುಡಗಿ ಸಂಜೀಕ ದೋಣಿ ತಪ್ಪಿಸಿಕೊಂಡ್ರ ಎಲ್ಲಿ ಇರತಾಳ? ಅದಕ್ಕ ಬಿಡಸ್ತೀವಿ.” ಓದು ಬಿಡಿಸಿದ ಮೇಲೆ ಮುಂದಿನ ಮಾತು ಲಗ್ನದ್ದೇ.

ಇದನ್ನೆಲ್ಲ ಕೇಳುವಾಗ ನನಗೆ ನಮ್ಮ ತಾಲೂಕೇ ಕಂಡಿತು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತದ ಕನ್ನಡ ಶಾಲೆ ಹುಡುಗರಿಗೂ ಹತ್ತನೆತ್ತೆ ಆದ ಮೇಲೆ ಒಂದು ಹೊಳೆ ಇದೆ, ಅದರಲ್ಲಿ ನೀರು ಮಾತ್ರ ಇಲ್ಲ. ಕನ್ನಡದಲ್ಲೇ ಮುಂದೆ ಓದಬೇಕೆಂದರೆ ಇಂಡಿ, ವಿಜಯಪುರ, ಕಲಬುರಗಿಗೆ ಹೋಗಬೇಕು. ಇಲ್ಲದಿದ್ದರೆ ಒಂದೇ ದಿನದಲ್ಲಿ ಮರಾಠಿಗೆ, ಇಂಗ್ಲಿಷಿಗೆ ಜಿಗಿಯಬೇಕು. ಜಿಗಿದವರಲ್ಲಿ ನಾನೂ ಒಬ್ಬ. ಬಿ.ಕಾಂ. ಮೊದಲ ವರ್ಷ ಅಕೌಂಟ್ಸ್ ತಾಸಿನಲ್ಲಿ ‘ಡೆಬಿಟ್’ ಯಾವ ಬದಿ ಎಂದು ಕೇಳಲು ನಾಚಿ ಸುಮ್ಮನೆ ಕೂತದ್ದು ನೆನಪಿದೆ. ದಾಟಿಸುವವರು ಒಬ್ಬರಿದ್ದರೆ ಎಷ್ಟು ಹಗುರ ಎಂಬುದು ದಾಟಿದವನಿಗೆ ಗೊತ್ತು.

ಕಾಕಾ ಹಿಡಿದ ಹಟ

ಊರಿಗೆ ಬಂದ ಮೇಲೆ ಬೈಠಕ್ ಸೇರಿತು. ಆ ವರ್ಷ ಅನ್ನದಾನದ ಪಟ್ಟಿಯಲ್ಲಿ 4,300 ರೂಪಾಯಿ ಉಳಿದಿತ್ತು. ಅದನ್ನು ಜಾಕೀಟಿಗೆ ಹಾಕೋಣ ಎಂದೆ. ಮಂಡಳಿಯ ಹಿರಿಯ ಕಾಕಾ ಒಪ್ಪಲಿಲ್ಲ.

“ಅನ್ನದಾನಕ್ಕ ಅಂತ ಕೊಟ್ಟ ರೊಕ್ಕ ಅದು. ಬ್ಯಾರೆ ಕಡಿ ಹಾಕಬಾರದಪಾ. ಕೊಟ್ಟವರು ನಾಳೆ ಕೇಳಿದ್ರ ಏನ್ ಹೇಳಾಂವ ನೀ?”

ಮೊದಲು ನನಗೆ ಸಿಟ್ಟು ಬಂತು. ರಾತ್ರಿ ಮಲಗಿ ವಿಚಾರ ಮಾಡಿದಾಗ ಕಾಕಾ ಹೇಳಿದ್ದೇ ಸರಿ ಎನಿಸಿತು. ನಾನು ಕಲಿತ ಲೆಕ್ಕಶಾಸ್ತ್ರವೂ ಅದನ್ನೇ ಹೇಳುತ್ತದೆ. ಯಾವ ಕಾರಣ ಹೇಳಿ ಎತ್ತಿದ್ದೇವೋ ಅದೇ ಕಾರಣಕ್ಕೆ ಖರ್ಚಾಗಬೇಕು. ಒಳ್ಳೆಯ ಕೆಲಸಕ್ಕೇ ಆದರೂ ಕೇಳದೆ ತಿರುಗಿಸಿದರೆ ಅದು ಕೊಟ್ಟವರಿಗೆ ಮಾಡಿದ ಮೋಸ. ಹುಡುಗರಿಗೆ ಬೇಕಾದರೆ ಹುಡುಗರ ಹೆಸರು ಹೇಳಿಯೇ ಕೇಳಬೇಕು.

2024ರ ಪಾವತಿ ಪುಸ್ತಕದಲ್ಲಿ ಎರಡು ಸಾಲು ಅಚ್ಚು ಹಾಕಿಸಿದೆವು. ಮೇಲೆ ‘ಅನ್ನದಾನ’, ಕೆಳಗೆ ‘ನಡುಗಡ್ಡೆ ವಿದ್ಯಾರ್ಥಿ ಸಹಾಯ’. ಎಷ್ಟು ಎಲ್ಲಿಗೆ ಎಂದು ಕೊಡುವವರೇ ಬರೆಸಲಿ. ಹೀಗೆ ಮಾಡಿದರೆ ಕೆಳಗಿನ ಸಾಲು ಖಾಲಿ ಉಳಿಯುತ್ತದೆ ಎಂದು ಅಂಜಿಕೆ ಇತ್ತು. ಆಗಿದ್ದು ಬೇರೆ. 101 ಕೊಡುವ ಕಿರಾಣಿ ಅಂಗಡಿಯವರು ಮೇಲೆ 101 ಬರೆಸಿ, ಕೆಳಗೆ ಬೇರೆ 51 ಬರೆಸಿದರು. ಮೇಲಿನದನ್ನು ಯಾರೂ ಕಡಿಮೆ ಮಾಡಲಿಲ್ಲ. ಕಾಕಾನ ಮನೆಯಿಂದ ಬಂದ ಪಾವತಿಯಲ್ಲಿ ಎರಡೂ ಸಾಲಿನಲ್ಲಿ ಒಂದೇ ಅಂಕಿ ಇತ್ತು. ಆ ಬಗ್ಗೆ ಅವರು ಏನೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ವಾರಾನ್ನ, ಮುಷ್ಟಿ ಧಾನ್ಯ, ಮಧುಕರಿ

ಇದು ಹೊಸ ಪದ್ಧತಿ ಎಂದು ಕೆಲವರು ಹೇಳಿದರು. ಹೊಸದೇನಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಬಡ ಹುಡುಗರು ಓದಿದ್ದೇ ವಾರಾನ್ನದ ಮೇಲೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ಮನೆ ಸೇರಿ ಒಬ್ಬ ಹುಡುಗನನ್ನು ಓದಿಸುತ್ತಿದ್ದವು. ಯಾವ ಮನೆಗೂ ಅದು ಭಾರವಾಗುತ್ತಿರಲಿಲ್ಲ.

ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದಾಗ ಅವರ ಬೆನ್ನಿಗೆ ದೊಡ್ಡ ಸಾಹುಕಾರರ ಗಂಟು ಇರಲಿಲ್ಲ. ವಸತಿಗೃಹದ ಹುಡುಗರಿಗಾಗಿ ಹಳ್ಳಿಯ ಹೆಣ್ಣುಮಕ್ಕಳು ದಿನಕ್ಕೆ ಒಂದು ಹಿಡಿ ಕಾಳು ಎತ್ತಿಡುತ್ತಿದ್ದರು. ಹಾಗೆ ಮುಷ್ಟಿ ಕಾಳಿನ ಮೇಲೆ ಬೆಳೆದ ಸಂಸ್ಥೆ ಮುಂದೆ ಮಹಾರಾಷ್ಟ್ರದ ಮೂಲೆಮೂಲೆಗೆ ಹಬ್ಬಿತು. ಕನ್ನಡ ನಾಡಿನ ಮಠಗಳ ಉಚಿತ ಪ್ರಸಾದನಿಲಯಗಳೂ ಇದೇ ದಾರಿಯವು.

ಗಾಣಗಾಪುರದಲ್ಲಿ ಮಧ್ಯಾಹ್ನ ಭಕ್ತರು ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುವುದನ್ನು ನೀವು ನೋಡಿರಬಹುದು. ಜೇನುಹುಳ ಒಂದು ಹೂವಿನಿಂದ ಸ್ವಲ್ಪವೇ ತೆಗೆದುಕೊಳ್ಳುತ್ತದೆ, ಹೂವಿಗೆ ನೋವಾಗುವುದಿಲ್ಲ. ಒಬ್ಬರೇ ದೊಡ್ಡ ದಾನಿ ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಕ್ಕಿಂತ, ಐವತ್ತು ಮನೆ ತಿಂಗಳಿಗೆ ಇಪ್ಪತ್ತು ರೂಪಾಯಿ ಕೊಡುವುದು ಹೆಚ್ಚು ದಿನ ನಡೆಯುತ್ತದೆ. ಐವತ್ತು ಮನೆಗೆ ಇಪ್ಪತ್ತರಂತೆ ಸಾವಿರ, ವರ್ಷಕ್ಕೆ ಹನ್ನೆರಡು ಸಾವಿರ. ಒಬ್ಬ ಹುಡುಗಿ ಹಾಸ್ಟೆಲ್ ಸಿಗುವವರೆಗೆ ಪಟ್ಟಣದಲ್ಲಿ ಇರಲು ಅಷ್ಟು ಆಧಾರ ಬೇಕಾದಷ್ಟಾಯಿತು.

ಅಕ್ಕಲಕೋಟದಲ್ಲಿ 1988ರಲ್ಲಿ ಸುರುವಾದ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳ ಇವತ್ತು ದಿನಾ ಸಾವಿರಾರು ಜನರಿಗೆ ಊಟ ಹಾಕುತ್ತದೆ. ಊಟಕ್ಕೆ ಅಷ್ಟು ದೊಡ್ಡ ಕೈ ಕೂಡಬಹುದಾದರೆ ಓದಿಗೂ ಸಣ್ಣ ಕೈ ಕೂಡಬಹುದು.

ಲೆಕ್ಕ ಹೇಗಿರಬೇಕು

ಇಂಥ ಕೆಲಸ ಮಾಡುವ ಮಂಡಳಿಗಳಿಗೆ ಅನುಭವದಿಂದ ನಾಲ್ಕು ಮಾತು.

ಮಹಾರಾಷ್ಟ್ರದಲ್ಲಿ ಉತ್ಸವಕ್ಕೆ ವರ್ಗಣಿ ಎತ್ತುವವರು ಧರ್ಮಾದಾಯ ಆಯುಕ್ತರ ಕಚೇರಿಯ ಪರವಾನಗಿ ಪಡೆಯಬೇಕು, ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ನಮ್ಮದು ಸಣ್ಣ ಮಂಡಳಿ, ಯಾರು ಕೇಳುತ್ತಾರೆ ಎನ್ನಬೇಡಿ. ಕಾಗದ ಸರಿ ಇದ್ದರೆ ಜಗಳ ಇಲ್ಲ.

ರೊಕ್ಕ ಬ್ಯಾಂಕ್ ಖಾತೆಯಲ್ಲಿರಲಿ, ಇಬ್ಬರ ಸಹಿ ಇಲ್ಲದೆ ಹೊರಬರದಿರಲಿ. ದೊಡ್ಡ ಮೊತ್ತ ಕೊಡುವವರಿಗೆ ಒಂದು ತಿಳುವಳಿಕೆ: 2017ರಿಂದ ಎರಡು ಸಾವಿರ ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ಅದಕ್ಕೆ ಮಾನ್ಯತೆ ಇರುವ ಸಂಸ್ಥೆಗೇ ಕೊಟ್ಟರೂ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಬೇಕು.

ಹುಡುಗರ ಕೈಗೆ ನಗದು ಕೊಡಬೇಡಿ. ಫೀ ಇದ್ದರೆ ಕಾಲೇಜಿಗೆ, ಬಾಡಿಗೆ ಇದ್ದರೆ ಮನೆ ಮಾಲೀಕರಿಗೆ ನೇರ ಕಟ್ಟಿ ಪಾವತಿ ಇಟ್ಟುಕೊಳ್ಳಿ. ಶಾಲೆಗೆ ಏನಾದರೂ ಕೊಡುವುದಿದ್ದರೆ ಅಲ್ಲಿಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನು ಮೊದಲು ಕೇಳಿ. ನಮ್ಮ ಹಾಗೆ ಎರಡು ಚೀಲ ತಪ್ಪು ಪುಸ್ತಕ ಹೊರಬೇಡಿ.

ಫೋಟೋ ತೆಗೆದು ಹುಡುಗರನ್ನು ಸಾಲಾಗಿ ನಿಲ್ಲಿಸುವುದನ್ನು ಬಿಡಿ. ಮೊದಲ ವರ್ಷ ನಾವೂ ನಿಲ್ಲಿಸಿದ್ದೆವು. ಪಿಯುಸಿ ಹುಡುಗಿ ಹಿಂದೆ ಸರಿದು ಗೋಡೆ ಮರೆಗೆ ನಿಂತಳು. ಅದನ್ನು ನೋಡಿದ ಮೇಲೆ ಮತ್ತೆ ಫೋನ್ ತೆಗೆಯಲು ಮನಸ್ಸಾಗಲಿಲ್ಲ.

ಎಲ್ಲ ಸರಿಹೋಯಿತೇ?

ಇಲ್ಲ. 2024ರಲ್ಲಿ ಕೂಡಿದ ರೊಕ್ಕದಿಂದ ಮಕ್ಕಳ ಅಳತೆಯ ಆರು ಜಾಕೀಟು ಬಂದವು. ಇಬ್ಬರಿಗೆ ಕಾಲೇಜು ಸುರುವಾದಾಗ ಎರಡು ತಿಂಗಳು ಪಟ್ಟಣದಲ್ಲಿರುವ ಖರ್ಚು ಕಟ್ಟಿದೆವು. ನಮ್ಮ ಮಂಡಳಿಯ ಇಬ್ಬರು ತರುಣರು ಫೋನಿನಲ್ಲೇ ಅರ್ಜಿ ತುಂಬಿಸುವ ಕೆಲಸ ಹಿಡಿದರು. ಕಾಗದದ ಫೋಟೋ ತರಿಸಿಕೊಂಡು, ತಪ್ಪಿದ್ದರೆ ಹೊಳೆ ದಾಟುವ ಮೊದಲೇ ಹೇಳುತ್ತಾರೆ. ಇದಕ್ಕೆ ಒಂದು ಪೈಸೆಯೂ ಬೇಕಾಗಲಿಲ್ಲ, ಉಪಯೋಗ ಮಾತ್ರ ಎಲ್ಲಕ್ಕಿಂತ ಹೆಚ್ಚು.

ಆ ಇಬ್ಬರಲ್ಲಿ ಹುಡುಗಿ ಓದು ಮುಂದುವರಿಸಿದಳು. ಹುಡುಗ ಅರ್ಧಕ್ಕೆ ಬಿಟ್ಟು ಹೈದರಾಬಾದಿಗೆ ದುಡಿಯಲು ಹೋದ. ತಂದೆಯ ಸಾಲ ಇತ್ತು ಎಂದು ಆಮೇಲೆ ತಿಳಿಯಿತು. ಅವನಿಗೆ ಕಟ್ಟಿದ ರೊಕ್ಕ ವ್ಯರ್ಥವಾಯಿತೇ ಎಂದು ಬೈಠಕ್‌ನಲ್ಲಿ ಒಬ್ಬರು ಕೇಳಿದರು. ಉತ್ತರ ಕೊಟ್ಟಿದ್ದು ಕಾಕಾ: “ನಾವು ಉಣಿಸಿದವರೆಲ್ಲಾ ಮುಂದ ಏನ್ ಮಾಡಿದ್ರು ಅಂತ ಲೆಕ್ಕ ಇಟ್ಟೀವೇನು? ಇವಂದೂ ಹಂಗ ಬಿಡ್ರಿ.”

ಸೇತುವೆ, ಹಾಸ್ಟೆಲ್ ಸರಕಾರದ ಕೆಲಸ. ಭಜನಿ ಮಂಡಳಿಯ ಪಟ್ಟಿಯಿಂದ ಅದು ಆಗುವುದಿಲ್ಲ, ಆಗಬಾರದು ಕೂಡ. ಸರಕಾರದ ಸೌಲಭ್ಯ ಮತ್ತು ಹುಡುಗನ ನಡುವೆ ಉಳಿಯುವ ಎರಡು ತಿಂಗಳು, ಒಂದು ಕಾಗದ, ಒಂದು ಜಾಕೀಟು ಇವಷ್ಟೇ ನಮ್ಮ ಕೈಗೆ ಎಟುಕುವಂಥವು. ಹೆಚ್ಚಿನ ಹುಡುಗರು ಮುಳುಗುವುದು ಈ ಸಣ್ಣ ಜಾಗದಲ್ಲೇ.

ಗುರುದ್ವಾದಶಿ ಬಂದಾಗ ನಿಮ್ಮ ಊರಲ್ಲೂ ಪಾವತಿ ಪುಸ್ತಕ ತಿರುಗುತ್ತದೆ. ಗಾಣಗಾಪುರಕ್ಕಿರಲಿ, ನರಸೋಬವಾಡಿಗಿರಲಿ, ನಿಮ್ಮದೇ ಊರ ಜಾತ್ರೆಗಿರಲಿ, ಅನ್ನದಾನದ ಸಾಲಿನ ಕೆಳಗೆ ಇನ್ನೊಂದು ಸಾಲು ಅಚ್ಚು ಹಾಕಿಸಲು ಮುದ್ರಕರು ಹೆಚ್ಚಿಗೆ ಕೇಳುವುದಿಲ್ಲ. ನಮಗೂ ಕೇಳಲಿಲ್ಲ.